ಹೊಗೆ ಹಿಡಿದ ಡಿಸ್ಕಿನೊಳಗೆ ಸುಂದರಕ್ಕನ ಸ್ವರ

ಬೆಳಕು ಹರಿಯುವ ಹೊತ್ತು. ಬಿ.ಸಿ. ರೋಡಿನ ಬಸ್ ನಿಲ್ದಾಣದ ಹಿಂದಿನ ಹಳೆಯ ಕಟ್ಟಡದ ಮಹಡಿಯಲ್ಲಿ ಒಂದೇ ಒಂದು ಕಿಟಕಿ ತೆರೆದಿದೆ. ಒಳಗೆ ದೀಪಶ್ರೀ ಫ್ಯಾನು ನಿಲ್ಲಿಸಿ, ಮೇಜಿನ ಮೇಲಿರುವ ಅಂಗೈಯಗಲದ ಹಾರ್ಡ್ ಡಿಸ್ಕಿಗೆ ಕಿವಿ ತಾಗುವಷ್ಟು ಬಾಗಿ ಕುಳಿತಿದ್ದಾರೆ. ಕೆಳಗೆ ಬಸ್ಸುಗಳ ಎಂಜಿನ್ ಶುರುವಾದರೆ ಮೇಜು ಸಣ್ಣಗೆ ನಡುಗುತ್ತದೆ, ಸೂಕ್ಷ್ಮ ಸದ್ದುಗಳು ಕೇಳಿಸುವುದಿಲ್ಲ. ಅದಕ್ಕೇ ಕಷ್ಟದ ಕೆಲಸಗಳನ್ನೆಲ್ಲ ಅವರು ಈ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. ಸ್ವಿಚ್ ಒತ್ತುತ್ತಾರೆ. ಮೊದಲಿಗೆ ಏನೂ ಇಲ್ಲ. ಆಮೇಲೆ, ಎಲ್ಲೋ ದೂರದ ಮರದಲ್ಲಿ ಕಟ್ಟಿದ ಜೇನುಗೂಡಿನಂತೆ, ಒಂದು ಎಳೆಯ ಗುಂಯ್‌ಗುಡುವಿಕೆ.

ಪರದೆಯ ಮೇಲೆ ಮೂರು ಫೋಲ್ಡರುಗಳ ಹೆಸರುಗಳು ಮೂಡುತ್ತವೆ. ಮೂರೂ ಬರಿಯ ತಾರೀಕುಗಳು. ದೀಪಶ್ರೀ ಅವರ ತುಟಿಯಂಚಿನಲ್ಲಿ ನಗು ಹುಟ್ಟುವಷ್ಟರಲ್ಲಿ ಡಿಸ್ಕಿನೊಳಗಿಂದ ‘ಟಿಕ್’ ಎಂಬ ಸದ್ದು. ಮತ್ತೊಂದು. ಅವರು ಕೂಡಲೇ ವಿದ್ಯುತ್ ತೆಗೆದುಬಿಡುತ್ತಾರೆ. ಕೋಣೆ ನಿಶ್ಶಬ್ದವಾಗುತ್ತದೆ.

‘ಇದಕ್ಕೆ ಇನ್ನೊಮ್ಮೆ ತಿರುಗುವಷ್ಟು ಜೀವ ಇದ್ದರೆ ದೊಡ್ಡದು,’ ಎನ್ನುತ್ತಾರೆ, ತಮಗೆ ತಾವೇ ಎಂಬಂತೆ. ಆ ಪೆಟ್ಟಿಗೆಯೊಳಗೆ ಒಬ್ಬ ಹೆಂಗಸಿನ ದನಿ ಇದೆ. ಈ ಭೂಮಿಯ ಮೇಲೆ ಬೇರೆಲ್ಲೂ ಅದು ಉಳಿದಿಲ್ಲ.

ಕೆಟ್ಟುಹೋದ ಡಿಸ್ಕುಗಳಿಂದ ಕಳೆದುಹೋದದ್ದನ್ನು ಹುಡುಕಿ ಕೊಡುವುದು ದೀಪಶ್ರೀ ಅವರ ಕಸುಬು. ಊರು ಪೊಳಲಿ. ನಸುಕಿನಲ್ಲಿ ಫಲ್ಗುಣಿ ಹೊಳೆಯ ಮೇಲೆ ಮಂಜು ತೇಲುತ್ತಿರುವಾಗ ಸ್ಕೂಟರು ಹತ್ತಿ ಹೊರಡುತ್ತಾರೆ. ಕೆಲಸ ಕಲಿತದ್ದು ಮೂಡುಬಿದಿರೆಯಲ್ಲಿ, ಅಬ್ದುಲ್ ರವೂಫ್ ಎಂಬವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ. ಪರೀಕ್ಷೆಯ ಹಿಂದಿನ ದಿನ ಪ್ರಾಜೆಕ್ಟು ಕಳೆದುಕೊಂಡ ಕಾಲೇಜು ಹುಡುಗಿಯರು ಅಲ್ಲಿ ಬಂದು ಅಳುತ್ತಿದ್ದರಂತೆ. ‘ರವೂಫ್‌ಚ್ಚ ಅವರಿಗೆ ಚಾ ತರಿಸಿ ಕೊಡ್ತಿದ್ದರು. ನನಗೆ ಹೇಳ್ತಿದ್ದರು, ದೀಪಾ, ನೀನು ಅವಸರ ಮಾಡ್ಬೇಡ, ಅವಸರ ಮಾಡ್ಲಿಕ್ಕೆ ಅವರಿದ್ದಾರೆ ಅಂತ.’ ರವೂಫ್ ಅವರು ವಯಸ್ಸಾಗಿ ಅಂಗಡಿ ಮುಚ್ಚಿದ ಮೇಲೆ ದೀಪಶ್ರೀ ಬಿ.ಸಿ. ರೋಡಿನಲ್ಲಿ ಈ ಕೋಣೆ ಹಿಡಿದರು.

ದಿನಕ್ಕೆ ಎರಡೋ ಮೂರೋ ಡಿಸ್ಕುಗಳು ಬರುತ್ತವೆ. ಸ್ಟುಡಿಯೋದವರದು, ಸೊಸೈಟಿಯವರದು, ಯಕ್ಷಗಾನದ ಆಟಗಳನ್ನು ವರ್ಷಗಟ್ಟಲೆ ರೆಕಾರ್ಡ್ ಮಾಡಿಟ್ಟವರದು. ಅರ್ಧದಷ್ಟು ಒಲಿಯುತ್ತವೆ. ಉಳಿದವರಿಗೆ ‘ಸಿಗಲಿಲ್ಲ’ ಎಂದು ಹೇಳಬೇಕು. ಇಷ್ಟು ವರ್ಷಗಳಾದರೂ ಆ ಒಂದು ಮಾತು ಬಾಯಿಗೆ ಒಗ್ಗಿಲ್ಲ. ಮೆಟ್ಟಿಲು ಹತ್ತಿ ಬಂದವರಲ್ಲಿ ಹಲವರು ಇವತ್ತಿಗೂ ಒಳಗೆ ಇಣುಕಿ, ‘ಯಜಮಾನರು ಇಲ್ವಾ?’ ಎಂದು ಕೇಳುತ್ತಾರೆ. ‘ಊಟಕ್ಕೆ ಹೋಗಿದ್ದಾರೆ, ಅಲ್ಲಿವರೆಗೆ ನಾನು ನೋಡ್ತೇನೆ ಅಂತ ಹೇಳ್ತೇನೆ. ಕೆಲಸ ಮುಗಿದ ಮೇಲೂ ಯಜಮಾನರ ಊಟ ಮುಗಿದಿರುವುದಿಲ್ಲ!’ ಎಂದು ನಗುತ್ತಾರೆ.

ನೆರಿಯ ಊರಿನ ಡೊಂಬಯ್ಯ ಹಾಗೆ ಕೇಳಿದವರಲ್ಲ. ಕಳೆದ ವಾರ ಅವರು ಬಂದದ್ದು ಹೆಗಲ ಬೈರಾಸು ಟವೆಲಿನಲ್ಲಿ ಸುತ್ತಿದ ಒಂದು ಗಂಟು ಹಿಡಿದು, ಮದ್ದಿಗೆ ಬಂದವರಂತೆ. ಜೊತೆಗೆ ಹೆಂಡತಿ ಸುಂದರಿ. ಗಂಟು ಬಿಚ್ಚಿದೊಡನೆ ಕೋಣೆಯ ತುಂಬ ಹೊಗೆಯ ವಾಸನೆ.

‘ಇದನ್ನು ಎಲ್ಲಿಟ್ಟಿದ್ದಿರಿ ಡೊಂಬಯ್ಯಣ್ಣ?’

‘ಸ್ಮೋಕ್ ಹೌಸಿನಲ್ಲಿ.’

‘ಎಂಥದು?’

‘ರಬ್ಬರ್ ಶೀಟ್ ಒಣಗಿಸ್ತೇವಲ್ಲ, ಅಲ್ಲಿ. ಕಪಾಟಿನಲ್ಲಿ ಇಟ್ಟು ಥಂಡಿ ಹಿಡಿದಿತ್ತು ಮಾರಾಯ್ತಿ, ಬೂಷ್ಟು ಬಂದಿತ್ತು. ಕಂಪ್ಯೂಟರಿಗೆ ಹಾಕಿದರೆ ಬರುದಿಲ್ಲ. ಶೀಟಿನ ಪಸೆ ಎಲ್ಲ ಹೋಗ್ತದೆ, ಇದರದ್ದು ಹೋಗುದಿಲ್ಲವಾ ಅಂತ ಎರಡು ಶೀಟಿನ ನಡುವೆ ನೇತು ಹಾಕಿದೆ.’

ಸುಂದರಿ ತಟ್ಟನೆ ಒಂದು ಚಪ್ಪಾಳೆ ತಟ್ಟಿದರು. ಗಂಡನತ್ತ ಬೆರಳು ಮಾಡಿ, ಅದೇ ಬೆರಳನ್ನು ತಮ್ಮ ಹಣೆಯ ಬದಿಯಲ್ಲಿ ತಿರುಪಿನಂತೆ ತಿರುಗಿಸಿದರು. ‘ನೋಡಿ, ಈಗಲೂ ಬಿಡುದಿಲ್ಲ ಇವಳು,’ ಎಂದರು ಡೊಂಬಯ್ಯ.

ಸುಂದರಿಯವರಿಗೆ ಮಾತಿಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಕಾಯಿಲೆಗೆ ಶಸ್ತ್ರಚಿಕಿತ್ಸೆಯಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅದಕ್ಕೂ ಮೊದಲು ಮಗಳು ವಿಸ್ಮಿತಾಳ ಮದುವೆಯಾಗಿತ್ತು, ವೀಡಿಯೋ ಇತ್ತು. ಅಮ್ಮನ ಸ್ವರ ಅದರಲ್ಲಿ ಇದ್ದೇ ಇರುತ್ತದೆಂದು ಮನೆಮಂದಿ ನೆಮ್ಮದಿಯಿಂದಿದ್ದರು. ಒಂದು ದಿನ ಹಾಕಿ ನೋಡಿದರೆ ಆದಿಯಿಂದ ಅಂತ್ಯದವರೆಗೆ ಸಿನಿಮಾ ಹಾಡುಗಳು. ಸುಂದರಿ ಬಾಯಿ ತೆರೆದಲ್ಲೆಲ್ಲ ಕೊಳಲು. ಮೊಬೈಲಿನ ತುಣುಕುಗಳಿಗೂ ಸ್ಟೇಟಸ್ ಹಾಕುವಾಗ ಹಾಡು ಸೇರಿಸಿದ್ದಾಗಿತ್ತು. ಮೂಲವನ್ನು ಯಾರೂ ಉಳಿಸಿಕೊಂಡಿರಲಿಲ್ಲ. ವೀಡಿಯೋದವರು ತಮ್ಮಲ್ಲಿದ್ದ ಪ್ರತಿಯನ್ನು ಎಂದೋ ಅಳಿಸಿದ್ದರು. ಕತ್ತರಿಸದ, ಹಾಡು ಸೇರಿಸದ ಚಿತ್ರೀಕರಣವೆಲ್ಲ ಇದ್ದದ್ದು ಮದುವೆಯ ವೇಳೆ ಅವರು ಕೊಟ್ಟುಹೋಗಿದ್ದ ಈ ಡಿಸ್ಕಿನಲ್ಲಿ ಮಾತ್ರ. ಅದು ಹೊಗೆಯಲ್ಲಿ ಬೆಂದಿತ್ತು.

ಆ ದಿನ ದೀಪಶ್ರೀ ಅದಕ್ಕೆ ವಿದ್ಯುತ್ ಕೊಡಲೇ ಇಲ್ಲ. ಡಿಸ್ಕಿನ ಬೆನ್ನಿಗಿದ್ದ ಹಸಿರು ಹಲಗೆಯನ್ನು ಬಿಚ್ಚಿದರೆ, ವಿದ್ಯುತ್ ದಾಟಬೇಕಾದ ಪುಟ್ಟ ಪುಟ್ಟ ಬಿಂದುಗಳ ಮೇಲೆಲ್ಲ ಕಂದು ಜಿಡ್ಡು ಕಟ್ಟಿತ್ತು. ಶಾಲಾ ಮಕ್ಕಳ ಅಳಿಸುವ ರಬ್ಬರಿನಿಂದ ಒಂದೊಂದನ್ನೇ ಉಜ್ಜಿ ತೆಗೆದರು. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ, ದಿನವಿಡೀ ಆರಲು ಬಿಟ್ಟರು. ಹಾಗೆ ಸಿದ್ಧವಾದ ಡಿಸ್ಕೇ ಈ ಮುಂಜಾನೆ ಕಣ್ಣು ತೆರೆದು, ಮೂರು ತಾರೀಕು ತೋರಿಸಿ, ಮತ್ತೆ ಕಣ್ಣು ಮುಚ್ಚಿದ್ದು.

ನೆರಿಯಕ್ಕೆ ಫೋನು ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲು ಹತ್ತಿ ಬರುತ್ತಾರೆ. ಗಂಡನ ಮನೆ ಬೆಳ್ತಂಗಡಿಯ ಲಾಯಿಲದಲ್ಲಿರುವ ವಿಸ್ಮಿತಾ ಫೋನಿನ ಸ್ಪೀಕರಿನಲ್ಲಿ ಸೇರಿಕೊಳ್ಳುತ್ತಾಳೆ. ದೀಪಶ್ರೀ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ‘ಒಳಗೆ ಡಿಸ್ಕನ್ನು ಓದುವ ಮುಳ್ಳು ಸೋತಿದೆ. ದೂರದ ದೊಡ್ಡ ಲ್ಯಾಬಿಗೆ ಕಳಿಸಬಹುದು. ಆದರೆ ಹೊಗೆ ಒಳಗೆ ಹೋಗಿದ್ದರೆ ಅಲ್ಲಿಯೂ ಖಾತ್ರಿ ಇಲ್ಲ. ಇಲ್ಲೇ ನೋಡುದಾದರೆ ಪೂರ್ತಿ ಬರುವಷ್ಟು ಹೊತ್ತು ಇದು ತಿರುಗುವುದಿಲ್ಲ. ಒಂದು ದಿನದ್ದು ಸಿಕ್ಕೀತು. ಯಾವ ದಿನದ್ದು ಮೊದಲು ತೆಗೆಯುವ?’

‘ಇಲ್ಲೇ ನೋಡುವ,’ ಎನ್ನುತ್ತಾರೆ ಡೊಂಬಯ್ಯ.

‘ಧಾರೆಯದ್ದು ಅಕ್ಕ,’ ಫೋನಿನೊಳಗಿಂದ ವಿಸ್ಮಿತಾ. ‘ಅಮ್ಮ ನನ್ನ ಪಕ್ಕದಲ್ಲೇ ಇದ್ದರು.’

ಡೊಂಬಯ್ಯ ತಲೆಯಾಡಿಸುತ್ತಾರೆ. ದೀಪಶ್ರೀಗೆ ಅನುಮಾನ. ಧಾರೆಯ ಹೊತ್ತಿಗೆ ಓಲಗ, ಮೈಕಿನಲ್ಲಿ ಮಂತ್ರ, ನೂರಾರು ಜನರ ಗದ್ದಲ. ಅದರ ನಡುವೆ ಒಬ್ಬ ತಾಯಿ ಮಾತಾಡಿದ್ದರೂ ಕೇಳಿಸೀತೇ? ಅವರು ಕುರ್ಚಿಯನ್ನು ಸುಂದರಿಯವರತ್ತ ತಿರುಗಿಸುತ್ತಾರೆ.

‘ಸುಂದರಕ್ಕ, ನೀವೇ ಹೇಳಿ. ಆ ಮದುವೆಯಲ್ಲಿ ನೀವು ಬಾಯ್ತುಂಬ ಮಾತಾಡಿದ್ದು ಎಲ್ಲಿ?’

ಸುಂದರಿ ಒಂದು ಗಳಿಗೆ ಕಿಟಕಿಯಾಚೆ ನೋಡುತ್ತಾರೆ. ಆಮೇಲೆ ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತುಬಿಡುತ್ತಾರೆ. ಒಂದು ಮೊಣಕಾಲು ಮಡಚಿ, ಎರಡೂ ಅಂಗೈಗಳ ನಡುವೆ ಇಲ್ಲದ ತೆಂಗಿನಕಾಯಿ ಹೋಳೊಂದನ್ನು ಹಿಡಿದು, ಇಲ್ಲದ ತುರಿಮಣೆಯ ಮೇಲೆ ಗರಗರ ತಿರುಗಿಸುತ್ತಾರೆ.

‘ಓ, ಮುನ್ನಾದಿನ!’ ಡೊಂಬಯ್ಯನವರ ಕಣ್ಣರಳುತ್ತದೆ. ಮದುವೆಯ ಹಿಂದಿನ ಸಂಜೆ ನೆರೆಕರೆಯವರೆಲ್ಲ ಚಪ್ಪರದಡಿ ಸೇರಿ ಅಡುಗೆಗೆ ತರಕಾರಿ ಹೆಚ್ಚಿ, ಕಾಯಿ ತುರಿದು ಕೊಡುವುದು ಊರಿನ ರೂಢಿ. ‘ವೀಡಿಯೋದವ ಬೇಗ ಬಂದು ಕ್ಯಾಮೆರಾ ಹಿಡ್ಕೊಂಡು ಸುತ್ತುತ್ತಿದ್ದ. ಮದುವೆ ವೀಡಿಯೋದಲ್ಲಿ ಅದೊಂದೂ ಬರಲಿಲ್ಲ, ಕತ್ತರಿಸಿದ್ದಾನೆ.’

‘ಧಾರೆ ಹೋದರೆ ಹೋಗಲಿ ಅಕ್ಕ,’ ಎನ್ನುತ್ತಾಳೆ ವಿಸ್ಮಿತಾ. ‘ಹಾಡು ಸೇರಿಸಿದ್ದಾದರೂ ಉಂಟಲ್ಲ.’

ಮೂರು ತಾರೀಕುಗಳಲ್ಲಿ ಮೊದಲನೆಯದನ್ನು ಮಾತ್ರ ಓದುವಂತೆ ದೀಪಶ್ರೀ ಹೊಂದಿಸುತ್ತಾರೆ. ಇನ್ನೊಂದು ನಸುಕಿನವರೆಗೆ ಈ ಡಿಸ್ಕನ್ನು ನಂಬಿ ಕಾಯುವಂತಿಲ್ಲ. ಸ್ವಿಚ್ ಒತ್ತುತ್ತಾರೆ. ಕೆಳಗೆ ಧರ್ಮಸ್ಥಳದ ಬಸ್ಸಿಗೆ ಜನರನ್ನು ಕೂಗಿ ಕರೆಯುತ್ತಿದ್ದಾರೆ. ಈ ಕೋಣೆಯಲ್ಲಿ ಅದು ಬೇರಾವುದೋ ಲೋಕದ ಸದ್ದು. ಪರದೆಯ ಮೇಲೆ ಹಸಿರು ಚೌಕಗಳು ಒಂದೊಂದಾಗಿ ತುಂಬುತ್ತವೆ, ಹೊಂಡದ ನೀರಿನಲ್ಲಿ ಪಾಚಿ ಹಬ್ಬುವಷ್ಟು ನಿಧಾನ. ಒಂದು ಟಿಕ್. ಚೌಕಗಳು ನಿಲ್ಲುತ್ತವೆ. ದೀಪಶ್ರೀ ಕೆಟ್ಟ ಜಾಗವನ್ನು ಹಾರಿಸಿ ಮುಂದಕ್ಕೆ ಕಳಿಸುತ್ತಾರೆ. ಮತ್ತೆ ಹಸಿರು. ಮತ್ತೆ ಟಿಕ್. ಬಿಸಿಲು ಮೇಜಿನ ಮೇಲಿಂದ ಗೋಡೆಗೆ ಏರುವವರೆಗೂ ಹೀಗೇ ಸಾಗಿ, ಕೊನೆಗೆ ಡಿಸ್ಕು ಕೆಮ್ಮಿದಂತೆ ಒಮ್ಮೆ ಕರಕರ ಎಂದು ತಿರುಗುವುದನ್ನೇ ನಿಲ್ಲಿಸುತ್ತದೆ. ಧಾರೆ ಒಳಗೇ ಉಳಿಯಿತು.

ಸಿಕ್ಕಿದ ತುಣುಕುಗಳನ್ನು ದೀಪಶ್ರೀ ತೆರೆಯುತ್ತಾರೆ. ಮೊದಲನೆಯದರಲ್ಲಿ ಬರಿಯ ಬೂದುಬಣ್ಣ. ಎರಡನೆಯದರಲ್ಲಿ ಚಪ್ಪರದ ಬಟ್ಟೆ, ದನಿಯಿಲ್ಲ. ಮೂರನೆಯದರಲ್ಲಿ ಬಲ್ಬಿನ ಹಳದಿ ಬೆಳಕು, ಸಾಲಾಗಿ ಕುಳಿತ ಹೆಂಗಸರು, ಹತ್ತಾರು ಕತ್ತಿಗಳ ಸದ್ದು, ತುರಿಮಣೆಯ ಗರಗರ. ಕ್ಯಾಮೆರಾ ನಿಧಾನಕ್ಕೆ ತಿರುಗುತ್ತದೆ. ಕೆಂಪು ಸೀರೆಯ ಸುಂದರಿ ತಲೆಯೆತ್ತುತ್ತಾರೆ. ಅವರ ಹಿಂದಿನಿಂದ ಒಂದು ಗಂಡಸಿನ ಕೈ ಬಂದು ತಟ್ಟೆಯಿಂದ ಕಾಯಿತುರಿ ಬಾಚಿಕೊಂಡು ಹೋಗುತ್ತದೆ. ಆಗ ಕೇಳಿಸುತ್ತದೆ, ತುಂಬಿದ, ತುಸು ಒಡಕಿನ, ಇಡೀ ಚಪ್ಪರಕ್ಕೆ ಮುಟ್ಟುವ ದನಿ. ತುಳುವಿನಲ್ಲಿ ಅದು ಹೇಳುವುದು ಇಷ್ಟು:

‘ಇವರಿಗೆ ಬೇರೆ ಕೆಲಸ ಇಲ್ಲವಾ? ತುರಿದದ್ದೆಲ್ಲ ಇವರ ಹೊಟ್ಟೆಗೇ ಹೋದರೆ ನಾಳೆ ಪಾಯಸಕ್ಕೆ ಎಂತ ಹಾಕುದು, ಇವರ ತಲೆಯಾ?’

ಚಪ್ಪರವಿಡೀ ನಗುತ್ತದೆ. ಬೈಗುಳ ಅಲ್ಲಿಗೇ ನಿಲ್ಲುವುದಿಲ್ಲ. ಬೆಳಗ್ಗೆ ಹಾಲು ಚೆಲ್ಲಿದ್ದು, ಹೂವಿನವನಿಗೆ ಹೇಳಲು ಮರೆತದ್ದು, ಅಳಿಯನಾಗುವವನೆದುರು ಹರಿದ ಬನಿಯನ್ನಿನಲ್ಲಿ ನಿಂತದ್ದು, ಒಂದರ ಬೆನ್ನಿಗೆ ಒಂದು. ಈ ಕೋಣೆಯಲ್ಲಿ ಡೊಂಬಯ್ಯ ಕೈಕಟ್ಟಿ ನಿಂತು ಕೇಳುತ್ತಿದ್ದಾರೆ, ಕಣ್ಣಿಂದ ನೀರಿಳಿಯುತ್ತಿದೆ, ಒರೆಸಿಕೊಳ್ಳುವುದಿಲ್ಲ. ಸುಂದರಿ ಪರದೆಯ ತೀರ ಹತ್ತಿರ ಬಂದು ತಮ್ಮ ಬಾಯಿಯನ್ನೇ ನೋಡುತ್ತಾರೆ. ಅಲ್ಲಿಯ ಒಂದೊಂದು ಮಾತಿಗೂ ಇಲ್ಲಿಯ ತುಟಿಗಳು ಸದ್ದಿಲ್ಲದೆ ಅಲುಗುತ್ತವೆ.

‘ಇಷ್ಟು ಬೈದದ್ದು ಗೊತ್ತೇ ಇರಲಿಲ್ಲ ಮಾರಾಯ್ತಿ,’ ಎನ್ನುತ್ತಾರೆ ಡೊಂಬಯ್ಯ. ‘ಇನ್ನೊಮ್ಮೆ ಹಾಕುವ.’

ಯಾರ ಮನೆಯ ಫೈಲನ್ನೂ ದೀಪಶ್ರೀ ಪೂರ್ತಿ ನೋಡುವವರಲ್ಲ. ತೆರೆಯಿತೆಂದು ಖಚಿತವಾದರೆ ಮುಚ್ಚಿ ಕೊಟ್ಟುಬಿಡುತ್ತಾರೆ. ಆ ದಿನ ಮುಚ್ಚಲಿಲ್ಲವೇಕೆಂದು ಕೇಳಿದರೆ ಸ್ಕ್ರೂಡ್ರೈವರನ್ನು ಡಬ್ಬಕ್ಕೆ ಹಾಕುತ್ತ ಹೇಳುತ್ತಾರೆ:

‘ಹೇಗೆ ಮುಚ್ಚುದು? ಅವರು ಬೈಸಿಕೊಂಡು ಮುಗಿದಿರಲಿಲ್ಲ.’