ಸ್ಟೀಲಿನ ಸವತಿ

ನಮ್ಮ ಮನೆಗೆ ಗರಾಜಿನ ಮೂಲಕ ಬರುವವರು ಅಲ್ಲಿ ಒಂದು ಹಿತ್ತಾಳೆಯ ಚೊಂಬು ಕುಳಿತಿರುವುದನ್ನು ಕಂಡು ಒಂದು ಗಳಿಗೆ ತಡೆಯುತ್ತಾರೆ. ಸೋನಾಮಸೂರಿ ಅಕ್ಕಿಯ ಮೂಟೆ, ಮಗಳ ಹಳೆಯ ಸೈಕಲ್ಲು, ಹಬ್ಬದ ದೀಪಗಳ ಡಬ್ಬ ಇವುಗಳ ನಡುವೆ ಬಚ್ಚಲಲ್ಲೋ ದೇವರ ಗೂಡಿನಲ್ಲೋ ಇರಬೇಕಾದ ಚೊಂಬಿಗೇನು ಕೆಲಸ? ‘ಮರೆತು ಬಿಟ್ಟಿದ್ದೀರೇನೋ’ ಎಂದು ಕೆಲವರು ಎತ್ತಿ ತಂದು ಕೈಗೆ ಕೊಟ್ಟದ್ದೂ ಉಂಟು. ಮರೆತದ್ದಲ್ಲ, ಇಟ್ಟದ್ದು. ಏಕೆ ಇಟ್ಟೆ ಎಂದು ಹೇಳಹೊರಟರೆ ನನ್ನ ಹೊಟ್ಟೆಕಿಚ್ಚಿನ ಪುರಾಣವನ್ನೆಲ್ಲ ಬಿಚ್ಚಬೇಕಾಗುತ್ತದೆ, ಅದು ಬಾಗಿಲಲ್ಲಿ ನಿಂತು ಹೇಳುವಂಥದ್ದಲ್ಲ. ನೀವು ಬಿಡುವಾಗಿ ಕುಳಿತಿದ್ದೀರಿ, ನಿಮಗೆ ಹೇಳಿದರೆ ತಪ್ಪಿಲ್ಲ.

ಸವತಿ ಮಣ್ಣಿನವಳಾದರೂ ಮನೆಯಲ್ಲಿ ಇರಬಾರದು ಎಂದು ನನ್ನ ಸೋದರತ್ತೆ ಹೇಳುತ್ತಿದ್ದರು. ನನ್ನವಳು ಮಣ್ಣಿನವಳಲ್ಲ, ಸ್ಟೀಲಿನವಳು. ನನ್ನ ಸೊಂಟದ ಎತ್ತರ, ದುಂಡನೆಯ ಮೈ, ಎರಡು ಕಿವಿ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ನಮ್ಮವರು ಅವಳನ್ನು ಮೂರಕ್ಷರದ ಇಂಗ್ಲಿಷ್ ಹೆಸರಿನಿಂದ ಕರೆಯುತ್ತಾರೆ. ನಾನು ಕಂಡ ದಿನವೇ ಗುರುತಿಸಿದೆ: ಇವಳು ನೀರು ಕಾಯಿಸುವ ಹಂಡೆ, ನಮ್ಮ ತುಮಕೂರಿನ ಬಚ್ಚಲಿನಲ್ಲಿ ಮಸಿ ಬಳಿದುಕೊಂಡು ಕುಳಿತಿರುತ್ತಿದ್ದವಳ ಅಮೆರಿಕದ ತಂಗಿ. ಅಕ್ಕನಿಗೆ ಬೆಂಕಿ ಬುಡದಲ್ಲಿ, ತಂಗಿಗೆ ಹೊಟ್ಟೆಯೊಳಗೆ. ಪಕ್ಕೆಯಲ್ಲಿ ಒಂದು ತೂತು ಕೊರೆದು, ಸುರುಳಿ ಬಾಗಿದ ಒಂದು ಕರೆಂಟಿನ ಕಂಬಿಯನ್ನು ಒಳಕ್ಕೆ ತೂರಿಸಿದರೆ ಅದೇ ಅವಳ ಒಲೆ.

ನಮ್ಮವರು, ಎಂದರೆ ಸುಧಾಕರ, ಮೈಸೂರಿನವರು. ಅಮೆರಿಕದ ಮಾರಿಸ್‌ವಿಲ್‌ನ ಈ ಟೌನ್‌ಹೌಸಿನ ಮಹಡಿಯಲ್ಲಿ ಕುಳಿತು ಯಾರದೋ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಜನ್ಮದಲ್ಲಿ ಒಂದು ಮೊಳೆ ಹೊಡೆದವರಲ್ಲ. ನಮ್ಮ ಮದುವೆಯ ಫೋಟೋ ಈ ಮನೆಗೆ ಬಂದಂದಿನಿಂದ ನೆಲದ ಮೇಲೆ ಗೋಡೆಗೆ ಒರಗಿಕೊಂಡು, ತನ್ನನ್ನು ಯಾರಾದರೂ ಎತ್ತರಕ್ಕೇರಿಸುತ್ತಾರೆಂದು ಕಾಯುತ್ತಿದೆ. ಮನೆಯಿಂದಲೇ ಕೆಲಸ ಎಂಬ ವ್ಯವಸ್ಥೆ ಬಂದು ಗಂಡ ಹೆಂಡತಿ ಇಪ್ಪತ್ತನಾಲ್ಕು ಗಂಟೆಯೂ ಒಂದೇ ಸೂರಿನಡಿ ಇರುವಂತಾದಾಗ ನಮಗೆ ಉಳಿದಿದ್ದ ಒಂದೇ ಏಕಾಂತವೆಂದರೆ ಸಂಜೆಯ ವಾಕ್. ಮನೆಗಳ ಹಿಂದಿನ ಕೊಳದ ಸುತ್ತ ಒಂದು ಸುತ್ತು. ತಲೆಯ ಮೇಲೆ ಇಳಿಯುವ ವಿಮಾನ, ದಾರಿಗೆ ಅಡ್ಡ ನಿಂತು ಬುಸುಗುಡುವ ಬಾತು. ವಿಶೇಷ ಮಾತೇನೂ ಇರುತ್ತಿರಲಿಲ್ಲ, ಊಟಕ್ಕೆ ಏನು, ಅಮ್ಮ ಫೋನ್ ಮಾಡಿದ್ದರಾ, ಇಷ್ಟೇ. ಆದರೆ ಇಡೀ ದಿನದಲ್ಲಿ ಅವರು ಕಂಪ್ಯೂಟರಿನ ಪರದೆಯನ್ನಲ್ಲದೆ ನನ್ನನ್ನು ನೋಡುತ್ತಿದ್ದ ಹೊತ್ತು ಅದೊಂದೇ ಆಗಿತ್ತು.

ಆ ಹೊತ್ತಿಗೇ ಕನ್ನ ಬಿತ್ತು. ಬ್ಯಾಲಂಟೈನ್‌ನಲ್ಲಿರುವ ಇವರ ಗೆಳೆಯ ಗಿರೀಶನ ಮನೆಗೆ ಹೋದಾಗ ಅವನು ತಾನೇ ತಯಾರಿಸಿದ ಬಿಯರನ್ನು ಕೊಟ್ಟ. ನಾನೂ ಒಂದು ಗುಟುಕು ಕುಡಿದೆ. ಬೇವಿನ ಕಷಾಯಕ್ಕೆ ನೊರೆ ಬಂದಂತಿತ್ತು. ಇವರು ಮಾತ್ರ ಮನೆ ತಲುಪಿದೊಡನೆ ‘ನಾನೂ ಒಂದು ಸೆಟಪ್ ಮಾಡ್ತೀನಿ ಕಣೇ, ಫುಲ್ ಎಲೆಕ್ಟ್ರಿಕ್’ ಎಂದರು. ಮೂರು ಪಾತ್ರೆಗಳ ಸಂಸಾರವಂತೆ. ಮೊದಲನೆಯದರಲ್ಲಿ ನೀರು ಕಾಯುತ್ತದೆ. ಎರಡನೆಯದರಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚು ಆ ನೀರಿನಲ್ಲಿ ನೆನೆಯುತ್ತದೆ. ಮೂರನೆಯದರಲ್ಲಿ ಅದರ ರಸ ಕುದಿಯುತ್ತದೆ. ಎರಡು, ಮೂರನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಕಣ್ಣು ಕುಕ್ಕಿದವಳು ಮೊದಲನೆಯವಳು, ಏಕೆಂದರೆ ನಮ್ಮವರ ಸಂಜೆಗಳೆಲ್ಲ ಅವಳ ಪಾಲಾದವು.

ಮೊದಲು ನನ್ನ ಕಾರು ಬೀದಿಗೆ ಬಿತ್ತು. ಅವಳಿಗೆ ಗರಾಜು, ನನ್ನ ಕಾರಿಗೆ ಬಯಲು. ಇಲ್ಲಿಯ ವಸಂತದಲ್ಲಿ ಪೈನ್ ಮರಗಳು ಹಳದಿ ಪುಡಿಯನ್ನು ಸುರಿಸಿ ಊರಿಗೆಲ್ಲ ಅರಿಶಿನ ಬಳಿಯುತ್ತವೆ. ಬೆಳಗ್ಗೆ ನಾನು ಕಾರಿನ ಗಾಜು ಒರೆಸುತ್ತ ನಿಂತಿದ್ದರೆ, ಒಳಗೆ ನಮ್ಮವರು ಮೆತ್ತನೆಯ ಬಟ್ಟೆಯಿಂದ ಅವಳ ಮೈ ಒರೆಸುತ್ತಿದ್ದರು. ತೂತು ಕೊರೆದ ದಿನವಂತೂ ಹೇಳತೀರದು. ಅಳೆದರು, ಗುರುತು ಹಾಕಿದರು, ಮತ್ತೆ ಅಳೆದರು, ಡ್ರಿಲ್ಲಿನ ತುದಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟರು, ಕೊರೆದಾದ ಮೇಲೆ ತೂತಿನ ಅಂಚಿನ ಸುತ್ತ ಬೆರಳಾಡಿಸಿ ‘ಸ್ಮೂತ್ ಆಗಿದೆ’ ಎಂದು ತಮ್ಮಷ್ಟಕ್ಕೆ ನಕ್ಕರು. ನಮ್ಮ ಮಗಳು ಅನಘಾಳಿಗೆ ಕಿವಿ ಚುಚ್ಚಿಸುವಾಗ ನೋಡಲಾರೆನೆಂದು ಹೊರಗೆ ಓಡಿಹೋಗಿದ್ದ ಮನುಷ್ಯ ಇವರೇ! ಅಕ್ಕಪಕ್ಕದ ಮನೆಯ ಗಂಡಸರು ಶನಿವಾರವೆಲ್ಲ ಕ್ರಿಕೆಟ್ ಮೈದಾನದಲ್ಲಿ ಕಳೆಯುತ್ತಾರೆಂದು ಅವರ ಹೆಂಡಂದಿರು ದೂರುವಾಗ ನನಗೆ ಅವರ ಮೇಲೂ ಅಸೂಯೆಯಾಗುತ್ತಿತ್ತು. ಮೈದಾನಕ್ಕೆ ಹೋದ ಗಂಡ ಕತ್ತಲಾದ ಮೇಲಾದರೂ ಮನೆಗೆ ಬರುತ್ತಾನೆ. ಮನೆಯಲ್ಲೇ ಇರುವ ಗಂಡ ಎಲ್ಲಿಂದ ಬರಬೇಕು?

ಒಂದು ಸಂಜೆ ನಾನು ವಾಕಿಂಗ್ ಶೂ ಹಾಕಿಕೊಂಡು ಗರಾಜಿನ ಬಾಗಿಲಲ್ಲಿ ನಿಂತೆ. ಇವರು ತಲೆಯೆತ್ತದೆ ‘ನೀನು ಹೋಗ್ಬಾ, ಇದೊಂದು ಫಿಟ್ ಮಾಡಿ ಬಂದ್ಬಿಡ್ತೀನಿ’ ಎಂದರು. ನಾನು ಶೂ ಬಿಚ್ಚಿ, ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆಯತೊಡಗಿದೆ. ಅಲ್ಲೇ ಹೋಂವರ್ಕ್ ಮಾಡುತ್ತಿದ್ದ ಅನಘಾ ಸದ್ದಿಗೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿ, ‘ಅಮ್ಮಾ, ಆರ್ ಯೂ ಜೆಲಸ್ ಆಫ್ ಅ ಪಾಟ್?’ ಎಂದಳು. ನಾನು ಅವಳಿಗೆ ಲೆಕ್ಕ ನೋಡಿಕೋ ಎಂದು ಗದರಿದೆ. ಮಕ್ಕಳ ಬಾಯಲ್ಲಿ ನಿಜ ಬಂದರೆ ದೊಡ್ಡವರಿಗೆ ಉಳಿಯುವುದು ಗದರುವುದೊಂದೇ.

ಕಂಬಿ ಕೂರಿಸಿ ನೀರು ತುಂಬಿಸಿದ ದಿನ ಅವಳು ಸೋರಿದಳು. ದೊಡ್ಡ ಸೋರಿಕೆಯಲ್ಲ, ಕಂಬಿಯ ಬುಡದಿಂದ ತೊಟಕ್, ತೊಟಕ್. ನನಗಾದ ಸಂತೋಷವನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಇವರು ನೀರು ಚೆಲ್ಲಿ, ರಬ್ಬರಿನಂಥ ಉಂಗುರವನ್ನು ಬದಲಿಸಿ, ಮತ್ತೆ ಬಿಗಿದರು. ಮತ್ತೆ ತೊಟಕ್. ಹೊರಗಿನ ನಟ್ ತಿರುಗಿಸಿದರೆ ಒಳಗಿನದೂ ಜೊತೆಗೆ ತಿರುಗುತ್ತಿತ್ತು. ಒಬ್ಬರು ಒಳಗಿನಿಂದ ಹಿಡಿಯಬೇಕು, ಒಬ್ಬರು ಹೊರಗಿನಿಂದ ಬಿಗಿಯಬೇಕು. ‘ಸ್ವಲ್ಪ ಬಾರೇ, ನಿನ್ನ ಕೈ ಸಣ್ಣದು’ ಎಂಬ ಕರೆ ಬಂತು. ಎಷ್ಟೋ ದಿನಗಳ ಮೇಲೆ ನನ್ನ ಕೈಯ ಬಗ್ಗೆ ಅವರಾಡಿದ ಮಾತು ಎಂದು ಹಿಗ್ಗಿ ಹೋದೆ. ಅವಳ ಮೇಲೆ ಬಗ್ಗಿ ಕೈ ಇಳಿಬಿಡುವಷ್ಟರಲ್ಲಿ ಇವರು, ‘ಹುಷಾರು, ಬಳೆ ತೆಗ್ದಿಡು, ಸ್ಕ್ರ್ಯಾಚ್ ಆಗತ್ತೆ’ ಎಂದರು. ಸ್ಕ್ರ್ಯಾಚ್ ಆಗುವುದು ನನ್ನ ಕೈಗಲ್ಲ, ಅವಳ ಮೈಗೆ! ಸವತಿಗಾಗಿ ಬಳೆ ತೆಗೆದಿಟ್ಟ ಹೆಂಗಸು ಯಾವ ಕಥೆಯಲ್ಲೂ ಇದ್ದಂತಿಲ್ಲ. ನಾನು ತೆಗೆಯಲಿಲ್ಲ. ಮೊಣಕೈಯವರೆಗೆ ಏರಿಸಿಕೊಂಡು, ತಲೆಯನ್ನೂ ಒಳಗೆ ತೂರಿಸಿ, ನಟ್ ಹಿಡಿದು ನಿಂತೆ. ಹೊರಗೆ ಅವರು ಉಸಿರು ಬಿಗಿಹಿಡಿದು ನಟ್ ತಿರುಗಿಸುವ ಸದ್ದು ಕೇಳಿಸುತ್ತಿತ್ತು, ತೆಳ್ಳನೆಯ ಸ್ಟೀಲಿನ ಆಚೆ ಅವರ ಕೈ, ಈಚೆ ನನ್ನ ಕೈ. ಒಳಗೆ ಎಲ್ಲ ಕಡೆಯೂ ನನ್ನದೇ ಮುಖ, ಸೊಟ್ಟಗೆ, ಉದ್ದಕ್ಕೆ, ಮೂತಿ ಉಬ್ಬಿಸಿಕೊಂಡು. ಅಸೂಯೆ ಪಟ್ಟವರು ಹೇಗೆ ಕಾಣುತ್ತಾರೆಂದು ತಿಳಿಯಬೇಕಾದರೆ ಒಮ್ಮೆ ಅಂಥ ಪಾತ್ರೆಯೊಳಗೆ ಇಣುಕಿ ನೋಡಿ. ಸೋರುವುದು ನಿಂತಿತು.

ಮೊದಲ ಬಾರಿ ಬಿಯರ್ ಕಾಯಿಸಿದ್ದು ದೀಪಾವಳಿಗೆ ಮುಂಚಿನ ಶನಿವಾರ. ಗಿರೀಶ ಬ್ಯಾಲಂಟೈನ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ. ಚಳಿ ಶುರುವಾಗಿದ್ದರಿಂದ ನನ್ನ ತುಳಸಿಯ ಕುಂಡವನ್ನು ಒಳಗೆ ತಂದು ಗರಾಜಿನ ಕಿಟಕಿಯ ಬಳಿ ಇಟ್ಟಿದ್ದೆ, ಪಕ್ಕದಲ್ಲಿ ನೀರು ತುಂಬಿದ ಈ ಚೊಂಬು. ಮಧ್ಯಾಹ್ನ ಗರಾಜಿನ ಫ್ರಿಜ್ಜಿನಿಂದ ಕೊತ್ತಂಬರಿ ಸೊಪ್ಪು ತರಲು ಹೋದೆ. ಗಂಡಸರಿಬ್ಬರೂ ಎರಡನೆಯ ಪಾತ್ರೆಗೆ ತಲೆ ಹಾಕಿ, ಹುರಿಹಿಟ್ಟಿನಂಥ ಪರಿಮಳ ಬರುತ್ತಿದ್ದ ಬಾರ್ಲಿಯನ್ನು ಮೂಸಿ ಮೆಚ್ಚುತ್ತಿದ್ದರು. ನನ್ನ ಸವತಿಯಿಂದ ಬಿಸಿನೀರು ಕೊಳವೆಯಲ್ಲಿ ಇಳಿದು ಅತ್ತ ಹರಿಯುತ್ತಲೇ ಇತ್ತು. ಇವಳ ಪಕ್ಕೆಗೆ ಅಂಟಿಸಿದ್ದ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ತಳ ಮುಟ್ಟುತ್ತ ಬಂದಿತ್ತು. ಕಂಬಿಯ ನೆತ್ತಿ ಇನ್ನೇನು ಹೊರಗೆ ಕಾಣಬೇಕು. ಸ್ವಿಚ್ಚಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ನೀರಿಲ್ಲದೆ ಉರಿದರೆ ಕಂಬಿ ಸುಟ್ಟುಹೋಗುತ್ತದೆ ಎಂಬುದನ್ನು ಇವರ ಬಾಯಲ್ಲಿ ಅದೆಷ್ಟು ಸಲ ಕೇಳಿದ್ದೆನೋ.

ನಾನು ಕೊತ್ತಂಬರಿಯ ಕಟ್ಟು ಹಿಡಿದು ಅಲ್ಲೇ ನಿಂತೆ. ಸುಡಲಿ ಎನಿಸಿತು. ಸುಟ್ಟು ಕರಕಲಾಗಲಿ, ಇವರು ಒಂದು ವಾರ ಮಂಕಾಗಿದ್ದು, ಆಮೇಲೆ ಶೂ ಹುಡುಕಿಕೊಂಡು ನನ್ನ ಬಳಿಗೇ ಬರುತ್ತಾರೆ. ನಾನು ಮಾಡಬೇಕಾದ್ದು ಏನೂ ಇರಲಿಲ್ಲ, ಸುಮ್ಮನೆ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದರೆ ಸಾಕಿತ್ತು.

ಆದರೆ ಕೈಗೆ ಅದರದೇ ನೆನಪು ಇರುತ್ತದೆ. ನಮ್ಮ ತುಮಕೂರಿನ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಹಂಡೆ ಬರಿದಾಗಬಾರದು. ಕೊನೆಗೆ ಸ್ನಾನ ಮಾಡಿದವರು ಎಷ್ಟೇ ಅವಸರವಿದ್ದರೂ ಒಂದು ಚೊಂಬು ನೀರನ್ನು ಹಂಡೆಗೆ ಹಾಕಿಯೇ ಹೊರಗೆ ಬರಬೇಕು. ಉರಿಯುವ ಒಲೆಯ ಮೇಲೆ ಬರಿಯ ಹಂಡೆ ಇದ್ದರೆ ಮನೆಗೇ ಒಳ್ಳೆಯದಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಯಾವಾಗ ಕೊತ್ತಂಬರಿಯನ್ನು ಕೆಳಗೆ ಹಾಕಿದೆನೋ, ಯಾವಾಗ ತುಳಸಿಯ ಚೊಂಬನ್ನು ಎತ್ತಿದೆನೋ ತಿಳಿಯದು, ಮುಚ್ಚಳ ಸರಿಸಿ ಅವಳ ಹೊಟ್ಟೆಗೆ ನೀರು ಸುರಿದಿದ್ದೆ. ಚೊಂಯ್ ಎಂದು ಆವಿ ಎದ್ದಿತು.

‘ಏಯ್, ಏನ್ ಮಾಡ್ದೆ? ಟೆಂಪರೇಚರ್ ಎಲ್ಲಾ ಹಾಳಾಯ್ತು!’ ಎಂದು ನಮ್ಮವರು ಕೂಗಿದರು.

‘ಹಂಡೆ ಖಾಲಿ ಬಿಡಬಾರ್ದು ರೀ’ ಎಂದೆ.

ಗಿರೀಶ ನಳಿಗೆಯನ್ನೂ ಕೆಂಪು ದೀಪವನ್ನೂ ನೋಡಿದವನೇ ಸ್ವಿಚ್ಚಿನ ಮೇಲೆ ಬಿದ್ದ. ‘ಲೋ ಸುಧಾ, ಆಫೇ ಮಾಡಿಲ್ವಲ್ಲೋ! ಅತ್ತಿಗೆ ಬರ್ದೇ ಇದ್ದಿದ್ರೆ ಎಲಿಮೆಂಟ್ ಹೊಗೆ ಆಗ್ತಿತ್ತು.’

ಆಗ ನಮ್ಮವರು ಓಡಿಬಂದರು. ಬಂದು ಏನು ಮಾಡಿದರು ಗೊತ್ತೇ? ಅವಳ ಬೆನ್ನು ತಟ್ಟಿ ‘ಸದ್ಯ!’ ಎಂದರು. ಕಾಪಾಡಿದವಳು ಚೊಂಬು ಹಿಡಿದು ಇತ್ತ ನಿಂತಿದ್ದೇನೆ, ತಟ್ಟಿಸಿಕೊಂಡವಳು ಅವಳು. ನಾನು ನೆಲದ ಮೇಲಿದ್ದ ಕೊತ್ತಂಬರಿಯನ್ನು ಎತ್ತಿಕೊಂಡು ಒಳಗೆ ಹೋದೆ. ಅಂದಿನ ಸಾರಿಗೆ ಖಾರ ಸ್ವಲ್ಪ ಹೆಚ್ಚಾಗಿತ್ತೆಂದು ಗಿರೀಶ ಆಮೇಲೆ ವಿನಯದಿಂದ ತಿಳಿಸಿದ.

ಆ ಮೇಲಿನ ದಿನಗಳಲ್ಲಿ ನನ್ನನ್ನು ಕಾಡಿದ್ದು ಅವರು ಯಾರ ಬೆನ್ನು ತಟ್ಟಿದರು ಎಂಬುದಕ್ಕಿಂತ, ಕೊತ್ತಂಬರಿ ಹಿಡಿದು ನಾನು ನಿಂತಿದ್ದ ಆ ಗಳಿಗೆ. ಅವಳ ಹೊಟ್ಟೆಯಲ್ಲಿ ಉರಿ, ನನ್ನ ಹೊಟ್ಟೆಯಲ್ಲೂ ಉರಿ. ಸುತ್ತ ನೀರಿರುವ ತನಕ ಅವಳ ಉರಿಯಿಂದ ನಾಲ್ಕು ಜನಕ್ಕೆ ಉಪಯೋಗ, ನೀರು ಬತ್ತಿದರೆ ಮೊದಲು ಸುಡುವುದು ಅವಳೇ. ನನ್ನ ನೀರು ಎಷ್ಟು ಇಳಿದಿದೆ ಎಂದು ನೋಡಲು ನನ್ನ ಪಕ್ಕೆಯಲ್ಲಿ ಗಾಜಿನ ನಳಿಗೆಯೂ ಇಲ್ಲ. ಇದ್ದಿದ್ದರೆ ಇವರು ಒಮ್ಮೆಯಾದರೂ ನೋಡುತ್ತಿದ್ದರೋ ಏನೋ.

ನೀರು ತುಂಬುವ ಹಬ್ಬ ಬಂತು. ಈ ದೇಶದಲ್ಲಿ ಹಂಡೆಯಿಲ್ಲದ ನಾನು ಪ್ರತಿವರ್ಷ ಗರಾಜಿನ ಮೂಲೆಯ ವಾಟರ್ ಹೀಟರಿಗೇ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದೆ. ಈ ಸಲ ತಟ್ಟೆ ಹಿಡಿದು ಹೋದರೆ ನಮ್ಮವರು ಆಗಲೇ ಅವಳನ್ನು ತೊಳೆದು, ಕಂಠದವರೆಗೆ ನೀರು ತುಂಬಿಸಿ ನಿಂತಿದ್ದರು. ‘ನಾಳೆ ಎಣ್ಣೆ ಸ್ನಾನಕ್ಕೆ ಇದ್ರಲ್ಲೇ ಕಾಯಿಸ್ತೀನಿ, ಬಕೆಟ್ಟಲ್ಲಿ ನಾನೇ ಮೇಲೆ ತಂದ್ಕೊಡ್ತೀನಿ’ ಎಂದರು. ಆಮೇಲೆ ನನ್ನ ಮುಖ ನೋಡದೆ, ‘ಅವತ್ತು ಕೂಗಾಡ್ಬಿಟ್ಟೆ. ನೀನಿಲ್ದಿದ್ರೆ ಆಗ್ತಿರ್ಲಿಲ್ಲ’ ಎಂದರು. ನಾನು ಸವತಿಯ ಹಣೆಗೆ ಕುಂಕುಮವಿಟ್ಟೆ. ಪ್ರೀತಿಯಿಂದ ಇಟ್ಟೆ ಎಂದು ಹೇಳಲಾರೆ, ಹಬ್ಬವೆಂದು ಇಟ್ಟೆ. ತಟ್ಟೆ ಕೆಳಗಿಟ್ಟು ತಿರುಗಿದರೆ ಇವರು ಮೆಟ್ಟಿಲ ಮೇಲೆ ಕುಳಿತು ಶೂ ಕಟ್ಟಿಕೊಳ್ಳುತ್ತಿದ್ದರು.

‘ಬರ್ತೀಯಾ, ಒಂದು ರೌಂಡು?’

ಹೋದೆವು. ಕೊಳದ ಮೊದಲ ತಿರುವಿನಿಂದ ಕೊನೆಯ ತಿರುವಿನವರೆಗೂ ಅವರು ಮಾತಾಡಿದ್ದು ಅವಳ ವಿಷಯವನ್ನೇ. ನೀರು ಇಳಿದರೆ ತಾನಾಗಿಯೇ ಆರುವಂಥ ಸ್ವಿಚ್ಚು ಹಾಕಬೇಕಂತೆ. ನನಗೆ ಮೈ ಉರಿಯಿತು. ಆದರೂ ಹೂಂಗುಟ್ಟಿದೆ, ಏಕೆಂದರೆ ಆ ಸ್ವಿಚ್ಚನ್ನು ಒಳಗಿನಿಂದ ಹಿಡಿಯಲು ಸಣ್ಣ ಕೈ ಬೇಕೆಂದು ಅವರು ಹೇಳುತ್ತಿದ್ದರು, ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದರು.

ಮರುದಿನ ಬೆಳಗ್ಗೆ ಅನಘಾಳದು, ಅವರದು ಆದ ಮೇಲೆ ಕೊನೆಗೆ ನನ್ನ ಸ್ನಾನ. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಗರಾಜಿಗೆ ಇಳಿದೆ. ಯಾರೂ ಇರಲಿಲ್ಲ. ಕೆಂಪು ದೀಪ ಆರಿತ್ತು. ಹಣೆಯ ಕುಂಕುಮ ಆವಿಗೆ ಕರಗಿ ಕೆನ್ನೆಗೆ ಇಳಿದು, ಅವಳು ಅತ್ತು ಕುಳಿತವಳಂತೆ ಕಾಣುತ್ತಿದ್ದಳು. ಇಣುಕಿದೆ, ಒಳಗೆ ನೀರಿರಲಿಲ್ಲ, ನನ್ನ ಮುಖವಿತ್ತು. ಒಂದು ಚೊಂಬು ನೀರು ತಂದು ಹಾಕಿದೆ.

ಚೊಂಬನ್ನು ಮತ್ತೆ ಒಳಗೆ ಒಯ್ಯಲಿಲ್ಲ. ಮದುವೆಯ ಫೋಟೋ ಇನ್ನೂ ಗೋಡೆಗೆ ಒರಗಿಕೊಂಡೇ ಇದೆ, ನನ್ನ ಕಾರು ಇನ್ನೂ ಬಯಲಲ್ಲೇ ಇದೆ. ಸುಡಲಿ ಎಂದು ನಿಲ್ಲುವ ಗಳಿಗೆ ನನಗೆ ಇನ್ನೊಮ್ಮೆ ಬರಲಾರದೆಂದು ಯಾವ ಭರವಸೆ? ಅದಕ್ಕೇ ತುಂಬಿದ ಚೊಂಬನ್ನು ಅಲ್ಲಿ ಕೈಗೆಟುಕುವಂತೆ ಇಟ್ಟಿದ್ದೇನೆ, ಅವಳ ಕಾವಲಿಗಲ್ಲ, ನನ್ನ ಕಾವಲಿಗೆ.