ಐದು ಮನೆಯ ಮಷೀನು

ಆಗೆಲ್ಲ ಕಲ್ಯಾಣ ಸ್ಟೇಷನ್ನಿನ ಹೊರಗೆ ಟಾಂಗಾಗಳು ನಿಲ್ಲುತ್ತಿದ್ದವು. ಕುದುರೆ ಲದ್ದಿಯ ವಾಸನೆ, ವಡಾ ಕರಿಯುವ ಎಣ್ಣೆಯ ವಾಸನೆ ಎರಡನ್ನೂ ದಾಟಿ ಎಡಕ್ಕೆ ಹೊರಳಿದರೆ ಒಂದು ಬಂದೂಕಿನ ಅಂಗಡಿ ಇತ್ತು. ಅದರ ಹಿಂದಿನ ಕೋಣೆಯಲ್ಲಿ ನನ್ನ ಅವ್ವ ತೋಟಾ ತುಂಬುತ್ತಿದ್ದಳು. ನಿಮ್ಮಲ್ಲಿ ಕೆಲವರ ತಾಯಂದಿರು ಆ ಕಾಲದಲ್ಲಿ ಹಪ್ಪಳ ಲಟ್ಟಿಸಿರಬಹುದು, ಬೀಡಿ ಕಟ್ಟಿರಬಹುದು. ಶಾಲೆ ಬಿಟ್ಟು ಬಂದಾಗ ಅವರ ಸೆರಗಿಗೆ ಬರುತ್ತಿದ್ದ ವಾಸನೆ ನಿಮಗೆ ಈಗಲೂ ನೆನಪಿರಬಹುದು. ನನ್ನ ಅವ್ವನ ಸೆರಗಿಗೆ ಬಂದೂಕಿನ ಮದ್ದಿನ ವಾಸನೆ ಇರುತ್ತಿತ್ತು.

ನಾವು ಬಿಜಾಪುರ ಕಡೆಯವರು. ಅಪ್ಪ ಶಹಾಡಿನ ಒಂದು ಕಾರ್ಖಾನೆಯಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಆ ಅಂಗಡಿಗೆ ಮೊದಲು ಕಸ ಗುಡಿಸಲು ಹೋದವಳು. ನೆಲಕ್ಕೆ ಚೆಲ್ಲಿದ ಸೀಸದ ಗುಂಡುಗಳನ್ನು ಗುಡಿಸಿ ಎಸೆಯದೆ, ಗಾತ್ರ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿಟ್ಟಿದ್ದಳಂತೆ. ಅದನ್ನು ನೋಡಿದ ಅಂಗಡಿಯ ಮುದುಕ ಶೇಠ್ ಮರುದಿನವೇ ಅವಳನ್ನು ಮಷೀನಿನ ಮುಂದೆ ಕೂಡಿಸಿದರು.

ಕೆಲಸ ಹೀಗೆ: ಸುಟ್ಟ ತೋಟಾದ ಖಾಲಿ ಕೊಳವೆ ಬರುತ್ತದೆ. ಅದರ ಬುಡದ, ಕಿಡಿ ಕೊಡುವ ಹಳೆಯ ಟೋಪಿ ತೆಗೆಯಬೇಕು, ಹೊಸ ಟೋಪಿ ಕೂಡಿಸಬೇಕು, ಮದ್ದು ಹಾಕಬೇಕು, ಅದರ ಮೇಲೆ ಬಿಲ್ಲೆ ಮತ್ತು ಗುಂಡು, ಕೊನೆಗೆ ಬಾಯಿ ಮುಚ್ಚಬೇಕು. ಹಳೆಯ ಮಷೀನಿನಲ್ಲಿ ಒಂದು ತೋಟಾಕ್ಕೆ ಐದು ಸಲ ಹಿಡಿಕೆ ಎಳೆಯಬೇಕು. ಭತ್ತ ತೆನೆಗಟ್ಟುವ ಮುಂಚೆ ಮುರಬಾಡ ಕಡೆಯ ರೈತರು ಹಂದಿಯಿಂದ ಬೆಳೆ ಕಾಯಲು ಲೈಸೆನ್ಸು ಹಿಡಿದು ಸಾಲುಗಟ್ಟಿ ಬರುತ್ತಿದ್ದರು. ಅವ್ವನ ಬಲಭುಜ ಬಾತುಕೊಂಡು ಮೇಲೇಳದ ಹಾಗಾಯಿತು. ನಾನು ನಾಲ್ಕನೆಯ ಇಯತ್ತೆ ಮುಗಿಸಿದ ಆ ಬೇಸಿಗೆಯಲ್ಲಿ ಶೇಠ್ ಮಷೀನು ಬದಲಿಸಲು ನಿರ್ಧರಿಸಿದರು.

ಎರಡು ಮಷೀನು ಸಿಗುವ ಹಾಗಿತ್ತು. ಒಂದು ಮುಂಬೈಯ ವ್ಯಾಪಾರಿಯ ಹತ್ತಿರ ಇದ್ದದ್ದು; ಹೊಸದು, ಗಟ್ಟಿ, ಆದರೆ ಹಳೆಯದರ ಹಾಗೆಯೇ ಒಂದೊಂದೇ ತುಂಬುವಂಥದು. ಇನ್ನೊಂದು ಠಾಣೆಯ ಘೋಡಬಂದರ್ ರಸ್ತೆಯ ಬಂಗಲೆಯಲ್ಲಿ. ಹಡಗಿನಲ್ಲಿ ಕೆಲಸ ಮಾಡಿದ್ದ ಒಬ್ಬ ಸಾಹೇಬರು ವಿದೇಶದಿಂದ ತಂದದ್ದು. ಅದರಲ್ಲಿ ದುಂಡು ತಟ್ಟೆ, ತಟ್ಟೆಗೆ ಕೊಳವೆ ನಿಲ್ಲುವ ಐದು ಮನೆ. ಹಿಡಿಕೆ ಒಮ್ಮೆ ಎಳೆದರೆ ಐದೂ ಮನೆಯಲ್ಲಿ ಐದು ಕೆಲಸ ಒಟ್ಟಿಗೇ ಆಗಿ, ತಟ್ಟೆ ಒಂದು ಮನೆ ಮುಂದಕ್ಕೆ ತಿರುಗುತ್ತದೆ. ಎಳೆದ ಸಲಕ್ಕೊಂದು ತೋಟಾ. ಸಾಹೇಬರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

"ಬಾಯಿ, ಕೌನ್ಸಾ ಲೇಂಗೆ?" ಯಾವುದು ಕೊಳ್ಳೋಣ ಎಂದು ಶೇಠ್ ಅವ್ವನನ್ನೇ ಕೇಳಿದರು.

"ನೋಡದ ಹೆಂಗ ಹೇಳ್ಲಿ," ಎಂದಳು ಅವ್ವ.

ನೋಡಲು ನಾವಿಬ್ಬರೇ ಹೋದೆವು. ಠಾಣೆಯವರೆಗೆ ಲೋಕಲ್, ಆಮೇಲೆ ಎಸ್‌ಟಿ ಬಸ್ಸು. ಆಗಿನ ಘೋಡಬಂದರ್ ರಸ್ತೆಯಲ್ಲಿ ಒಂದು ಕಡೆ ಕಾಡು, ಇನ್ನೊಂದು ಕಡೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರು. ಬಸ್ಸು ಇಳಿದಾಗ ಮಧ್ಯಾಹ್ನ ಎರಡೂವರೆ. ಬಿಸಿಲಿಗೆ ಕಾಗೆ ಕೂಡ ಕೂಗುತ್ತಿರಲಿಲ್ಲ. ಒಣಗಲು ಹಾಕಿದ ಬೊಂಬಿಲ್ ಮೀನಿನ ವಾಸನೆ ಮಾತ್ರ ನಮ್ಮ ಜೊತೆಗೇ ಬಂತು.

ಬಾಗಿಲು ತೆಗೆದ ಹೆಂಗಸು, ಸಾಹೇಬರ ಹೆಂಡತಿ, ಬೆಳಗಾವಿ ಕಡೆಯವರು. ಅವ್ವ ಸೀರೆ ಉಟ್ಟ ರೀತಿ ನೋಡಿ ಕನ್ನಡದಲ್ಲೇ ಕೇಳಿದರು, "ಯಾ ಕಡೀಯವರ್ರಿ ನೀವು?"

"ಬಿಜಾಪುರ ಕಡೀರಿ."

"ಛಲೋ ಆತು. ನಡದದ್ದನ್ನೆಲ್ಲ ಮರಾಠಿಯೊಳಗ ಹೇಳಿ ಹೇಳಿ ಸಾಕಾಗೇದ," ಎಂದರು. ನಾನು ಅವರನ್ನು ಮೌಶಿ ಎಂದು ಕರೆದೆ.

ಮಷೀನು ಹಿಂದಿನ ಕೋಣೆಯಲ್ಲಿತ್ತು. ಮೌಶಿ ಕಿಟಕಿ ತೆಗೆದಾಗ ನಮಗೆ ಕಂಡಿತು: ಕುರ್ಚಿ ಹಿಂದಕ್ಕೆ ಸರಿದು ಬಾಗಿಲ ಕಡೆ ತಿರುಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ತಟ್ಟೆಯ ಐದೂ ಮನೆಯಲ್ಲಿ ಐದು ಕೆಂಪು ಕೊಳವೆಗಳು ನಿಂತಿದ್ದವು. ಒಂದು ಪೂರ್ತಿ ಆದದ್ದು, ಉಳಿದವು ಅರ್ಧಂಬರ್ಧ. ಎಲ್ಲದರ ಮೇಲೂ ಬೂದಿಯಂಥ ದೂಳು. ಹಿಡಿಕೆ ಮಾತ್ರ ಫಳಫಳ ಹೊಳೆಯುತ್ತಿತ್ತು.

"ಹಿಡಿಕಿ ಅಷ್ಟ ಒರಸ್ತೀರೇನ್ರಿ?" ಎಂದಳು ಅವ್ವ.

"ನಾ ಈ ಖೋಲಿಯೊಳಗ ಬರೂದೇ ಇಲ್ಲ," ಎಂದರು ಮೌಶಿ. ಸ್ವಲ್ಪ ತಡೆದು, "ಮೂರರ ಸುಮಾರು ಒಂದೊಂದು ದಿನ ಟಕ್ ಅಂತದ. ಅಡುಗಿ ಮನಿಗೆ ಕೇಳಸ್ತದ," ಎಂದರು.

ಆಮೇಲೆ ಅವರು ನಿಂತಲ್ಲೇ ನಡೆದದ್ದನ್ನು ಹೇಳಿದರು. ಆ ದಿನ ಬೆಳಿಗ್ಗೆ ಗಂಡ ಹೆಂಡತಿಗೆ ಜಗಳವಾಗಿತ್ತು. ಈ ಮನೆಯಲ್ಲಿ ನನಗಿಂತ ಆ ಮಷೀನಿಗೇ ಮಾನ ಹೆಚ್ಚು ಎಂದು ಮೌಶಿ ಅಂದಿದ್ದರು. ಸಾಹೇಬರು ಉತ್ತರ ಕೊಡದೆ ಊಟ ಮಾಡಿ, ಕೋಣೆಗೆ ಬಂದು ತೋಟಾ ತುಂಬಲು ಕೂತರು. ಮೂರು ಗಂಟೆಗೆ ಹಿಡಿಕೆಯ ಸದ್ದು ನಿಂತಿತು. ಅವರು ಹಿತ್ತಲಿನಿಂದ ಖಾಡಿಯ ಕಟ್ಟೆಯ ಕಡೆ ನಡೆದುಹೋಗುವುದನ್ನು ಕೆಲಸದವಳು ಕಂಡಳು. ಮರುದಿನ ನೀರು ಇಳಿದಾಗ ಕೆಸರಿನಲ್ಲಿ ಸಿಕ್ಕರು.

"ಎಂದೂ ಕೆಲಸ ಅರ್ಧಕ್ಕ ಬಿಟ್ಟು ಏಳೂ ಮನಶ್ಯಾ ಅಲ್ಲ," ಎಂದರು ಮೌಶಿ. "ಅವತ್ತ ಯಾಕ ಎದ್ದರು? ನಿಮಗ ಈ ಮಷೀನು ತಿಳೀತದಂತ. ನೋಡಿ ಹೇಳ್ರಿ."

ಅವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಷೀನಿನ ಹತ್ತಿರ ಹೋದಳು. ಮುಟ್ಟದೆ ಒಂದು ಸುತ್ತು ನೋಡಿದಳು. ಮೂರನೆಯ ಮನೆಯ ಮೇಲೆ ಮದ್ದಿನ ಹಿತ್ತಾಳೆ ಬಾಟಲಿ ತಲೆಕೆಳಗಾಗಿ ಕೂತಿತ್ತು. ಅದರ ಮೇಲ್ಭಾಗದ ಮುಚ್ಚಳ ತೆಗೆದು ಇಣುಕಿದಳು, ಮತ್ತೆ ಮುಚ್ಚಿದಳು. ಮೂರನೆಯ ಕೊಳವೆಯೊಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಮದ್ದು ಎಲ್ಲಿಡ್ತಿದ್ದರ್ರಿ ಸಾಹೇಬರು?"

"ಹೊರಗ, ಶೆಡ್ಡಿನಾಗ. ಕಟ್ಟಿ ಮ್ಯಾಲ ದಾಟಿ ಹೋಗಬೇಕು. ಕೀಲಿಕೈ ಸದಾ ಅವರ ಕಿಸೆದಾಗ ಇರತಿತ್ತು."

"ಬಾಟಲಿ ಖಾಲಿ ಐತ್ರಿ," ಎಂದಳು ಅವ್ವ. "ಮೂರನೇ ಮನಿಗೆ ಮದ್ದು ಬಿದ್ದಿಲ್ಲ. ತರಾಕಂತ ಎದ್ದಾರ. ಕಟ್ಟಿ ಮ್ಯಾಲ ಕಾಲು ಜಾರೇದ."

ಮೌಶಿ ನೆಲದ ಮೇಲೆ ಕೂತುಬಿಟ್ಟರು. "ಖರೇನ?"

"ಖರೇ ರಿ. ಸಿಟ್ಟಿಗೆ ಎದ್ದಿಲ್ಲ. ಕೆಲಸಕ್ಕಂತ ಎದ್ದಾರ."

ಮೌಶಿ ಅಳಲಿಲ್ಲ. ಎದ್ದು ಹೋಗಿ ನಮಗೆ ಕೋಕಂ ಸರಬತ್ತು, ತಟ್ಟೆ ತುಂಬ ಶಂಕರಪಾಳಿ ತಂದಿಟ್ಟರು. ಅವರೂ ಒಂದು ತಿಂದರು. ಮಷೀನು ಒಯ್ಯಿರಿ ಎಂದರು. ನಾನು ಸರಬತ್ತು ಕುಡಿಯುತ್ತಿದ್ದಾಗ ಒಳಗಿನಿಂದ ಟಕ್ ಎಂದಿತು. ಮೌಶಿಯ ಕೈ ತಡೆಯಿತು. ಅವ್ವ ತಲೆ ಎತ್ತಲಿಲ್ಲ.

ಎರಡು ದಿನದ ಮೇಲೆ ಶೇಠ್ ಅವ್ವನ ಜೊತೆ ಟೆಂಪೊ ಕಳಿಸಿದರು. ಬರುವಾಗ ಆ ಹಿತ್ತಾಳೆ ಬಾಟಲಿಯನ್ನು ಅವ್ವ ಯಾರ ಕೈಗೂ ಕೊಡಲಿಲ್ಲ. ಕಲ್ಯಾಣದವರೆಗೂ ಎರಡೂ ಕೈಯಿಂದ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಈ ಮಷೀನಿನ ಬಗ್ಗೆ ಅವ್ವನಿಗೆ ಒಂದು ಅಳುಕಿತ್ತು. "ಹಳೇದು ಒಂದೊಂದ ಕೈಗೆ ಕೊಡ್ತಿತ್ತು, ನೋಡಿ ಮುಂದ ಹೋಗ್ತಿದ್ದೆ. ಇದು ಕೇಳೂದಿಲ್ಲ, ತಾನ ಮುಂದ ಹೋಗ್ತದ," ಎನ್ನುತ್ತಿದ್ದಳು. ಒಂದು ಕೊಳವೆಗೆ ಮದ್ದು ಎರಡು ಪಾಲು ಬಿದ್ದರೆ ರೈತನ ಕೈಯಲ್ಲೇ ಬಂದೂಕು ಒಡೆಯುತ್ತದೆ. ಅದಕ್ಕೆ ಅವಳು ಹಜಾಮನ ಅಂಗಡಿಯಿಂದ ದುಂಡು ಕನ್ನಡಿ ತರಿಸಿದಳು. ಅಪ್ಪ ತಗಡು ಬಗ್ಗಿಸಿ ಅದನ್ನು ಮೂರನೆಯ ಮನೆ ದಾಟಿದ ಕೂಡಲೇ ಕೊಳವೆಯ ಒಳಗು ಕಾಣುವ ಹಾಗೆ ಮೇಲೆ ಕೂಡಿಸಿದ. ತಟ್ಟೆ ಸಡಿಲಾಗಿದೆಯೆಂದು ಶೇಠ್ ಲೇತ್ ಅಂಗಡಿಯಲ್ಲಿ ಹೊಸ ಕೊಕ್ಕೆ ಮಾಡಿಸಿ, ಸ್ಪ್ರಿಂಗ್ ಬದಲಿಸಿದರು. ಬಿಗಿ ಎಷ್ಟಿತ್ತೆಂದರೆ ನಾನು ಎರಡು ಕೈಯಿಂದ ತಿರುಗಿಸಿದರೂ ತಟ್ಟೆ ಅಲುಗುತ್ತಿರಲಿಲ್ಲ.

ಜೂನಿನಲ್ಲಿ, ಶಾಲೆ ಶುರುವಾಗುವ ಎರಡು ದಿನ ಮೊದಲು, ನಾನು ಆ ಕೋಣೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆ. ಅಂಗಡಿಯ ಮುಂಭಾಗದಿಂದ ಶೇಠ್ ಕರೆದರೆಂದು ಅವ್ವ ಮಷೀನು ಹಾಗೆಯೇ ಬಿಟ್ಟು ಎದ್ದು ಹೋದಳು. ಹೊರಗೆ ಮಳೆ ಕವಿದು ಕೋಣೆ ಮಬ್ಬಾಗಿತ್ತು. ಟಕ್. ನನ್ನ ಕಣ್ಣೆದುರಿಗೇ ತಟ್ಟೆ ಒಂದು ಮನೆ ತಿರುಗಿತು. ಹಿಡಿಕೆ ನಿಂತಲ್ಲೇ ನಿಂತಿತ್ತು. ಕನ್ನಡಿಯ ಕೆಳಗೆ ಬಂದ ಕೊಳವೆಯ ಒಳಗೆ ಖಾಲಿ ಇತ್ತು. ಮದ್ದು ಬೀಳದೇ ಅದು ಮುಂದೆ ಬಂದಿತ್ತು.

ಅವ್ವ ಬಂದು ಕನ್ನಡಿ ನೋಡಿದಳು, ಆಮೇಲೆ ನನ್ನನ್ನು. "ನೀ ಎಳದಿಯೇನ?"

"ಇಲ್ಲಬೇ."

ಅವಳು ಬೈಯಲಿಲ್ಲ. ಐದನ್ನೂ ತೆಗೆದು ಬೇರೆ ಇಟ್ಟು, ತಟ್ಟೆ ಒರಸಿ, ಮೊದಲಿನಿಂದ ಶುರು ಮಾಡಿದಳು. ಅವತ್ತಿನಿಂದ ಯಾರು ಕರೆದರೂ ತಟ್ಟೆ ಖಾಲಿ ಮಾಡದೆ ಎದ್ದವಳಲ್ಲ. ಏಳುವಾಗ ಕುರ್ಚಿಯನ್ನು ಮೇಜಿನೊಳಗೆ ದೂಡಿ, "ಬಂದೆ," ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದಳು. ನನಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ನಾನು ಶಾಲೆಗೆ ಹೋದ ದಿನಗಳಲ್ಲೂ ಹಾಗೆಯೇ ಹೇಳುತ್ತಾಳೆಂದು ಶೇಠ್ ಒಮ್ಮೆ ಹೇಳಿದರು. ಅವಳ ಕೈಯಿಂದ ಹೋದ ತೋಟಾ ಒಂದೂ ಕೆಟ್ಟದ್ದಿಲ್ಲ.

ಮೌಶಿ ಬಂಗಲೆ ಬಿಟ್ಟು ಬೆಳಗಾವಿಗೆ ಹೋದರು. ದೀಪಾವಳಿಗೊಂದು ಕಾರ್ಡು ಬರೆಯುತ್ತಿದ್ದರು. ಈಗ ನಿದ್ದೆ ಬರುತ್ತದೆ ಎಂದು ಮೊದಲ ಕಾರ್ಡಿನಲ್ಲಿತ್ತು. ಏಳೆಂಟು ವರ್ಷ ಬಂದು ಕಾರ್ಡು ನಿಂತಿತು. ಅವರು ತೀರಿಕೊಂಡ ಸುದ್ದಿ ಬಂದಾಗ ನಾವು ಡೊಂಬಿವಲಿಯ ಚಾಳಿನಲ್ಲಿದ್ದೆವು, ನಾನು ಕಾಲೇಜಿಗೆ ಹೋಗುತ್ತಿದ್ದೆ. ಅವ್ವ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಾ ಹೇಳಿದಳು:

"ಬಾಟಲಿ ಅರ್ಧ ತುಂಬಿತ್ತವಾ. ಮೂರನೇ ಮನಿಯಾಗ ಮದ್ದು ಬರೋಬ್ಬರಿ ಬಿದ್ದಿತ್ತು. ಏನೂ ಕಮ್ಮಿ ಇರಲಿಲ್ಲ."

ನಾನು ಕೇಳಿದೆ, "ಮತ್ತ ಸಾಹೇಬರು ಯಾಕ ಎದ್ದರು?"

"ನಾನೂ ಅದನ್ನ ಕೇಳ್ತಿದ್ದೆ, ದಿನಾ."

"ಯಾರನ್ನ?"

ಅವ್ವ ಬಕೀಟಿಗೆ ಬಗ್ಗಿ ಅಪ್ಪನ ಅಂಗಿ ತೆಗೆದು ಝಾಡಿಸಿದಳು.  ನಾನು ಮತ್ತೆ ಕೇಳಲಿಲ್ಲ, ಕೇಳಲು ಇನ್ನೂ ಬಹಳ ವರ್ಷ ಇವೆ ಎಂದುಕೊಂಡೆ.

ಶೇಠ್ ಹೋದ ಮೇಲೆ ಮಕ್ಕಳು ಅಂಗಡಿ ಮುಚ್ಚಿದರು. ಮಷೀನು ಯಾರ ಪಾಲಾಯಿತೋ ಗೊತ್ತಿಲ್ಲ. ಹೋದ ವರ್ಷ ಮೊಮ್ಮಗಳ ಜೊತೆ ರಿಕ್ಷಾದಲ್ಲಿ ಘೋಡಬಂದರ್ ರಸ್ತೆಯಲ್ಲಿ ಹೋದೆ. ನಲವತ್ತು ಮಹಡಿಯ ಕಟ್ಟಡಗಳ ಸಾಲು, ಮಾಲ್, ಮೇಲೆ ಮೆಟ್ರೋದ ಕಂಬಗಳು. ಬಸ್ಸು ಇಳಿದ ಜಾಗ ಯಾವುದು, ಕಟ್ಟೆ ಎಲ್ಲಿತ್ತು, ಖಾಡಿ ಯಾವ ದಿಕ್ಕಿಗೆ, ಒಂದೂ ತಿಳಿಯಲಿಲ್ಲ. "ಕ್ಯಾ ಢೂಂಢ್ ರಹೀ ಹೋ, ಅಜ್ಜಿ?" ಏನು ಹುಡುಕುತ್ತಿದ್ದೀ ಎಂದು ಅವಳು ಕೇಳಿದಳು. ಹೇಳಬೇಕೆಂದರೆ ಎಲ್ಲಿಂದ ಶುರು ಮಾಡುವುದು? ಮದ್ದಿನ ವಾಸನೆ ಎಂದರೇನೆಂದೇ ಅವಳಿಗೆ ಗೊತ್ತಿಲ್ಲ. ನನ್ನನ್ನು ಬಿಟ್ಟು ಅದು ಗೊತ್ತಿದ್ದವರಲ್ಲಿ ಕೊನೆಯವಳು, ನನ್ನ ಅವ್ವ, ಹೋಗಿ ಆರು ವರ್ಷವಾಯಿತು.