ಮೊದ್ಲು ಕೂತ್ಕಳಿ

ಹುಣಸೂರಿನ ಆ ರೇಡಿಯೋ ರಿಪೇರಿಯವರು, ಅಂಗಡಿಗೆ ಯಾರೇ ಬರಲಿ, ತಲೆ ಎತ್ತದೆ "ಮೊದ್ಲು ಕೂತ್ಕಳಿ" ಅನ್ನುತ್ತಿದ್ದರು. ಅವಸರದಲ್ಲಿ ಹೋದವರಿಗೆ ಮೈ ಉರಿಯುತ್ತಿತ್ತು.

ನನಗೂ ಉರಿದಿತ್ತು. ಅವ್ವ ಹಾಡಿದ ಸೋಬಾನೆ ಪದ ಅವತ್ತು ಸಂಜೆ ಆರಕ್ಕೆ ರೇಡಿಯೋದಲ್ಲಿ ಬರುವುದಿತ್ತು. ಅವಳ ಕಿವಿ ಮಂದ. ನಾನೇ ಜೋಡಿಸಿದ್ದ ರೇಡಿಯೋದ ಸದ್ದು ಸಾಲದೆಂದು ಅದಕ್ಕೆ ಗಾಜಿನ ಬಲ್ಬಿನಂಥ ಇನ್ನೊಂದು ವಾಲ್ವು ಸೇರಿಸಿದೆ. ಇದ್ದ ಸದ್ದೂ ಹೋಯಿತು. ಪೆಟ್ಟಿಗೆ ಹೊತ್ತು, ಅವ್ವನನ್ನೂ ಕರೆದುಕೊಂಡು ಅಂಗಡಿ ಮುಟ್ಟುವಾಗ ಆರಕ್ಕೆ ಹತ್ತೇ ನಿಮಿಷ.

"ಮೊದ್ಲು ಕೂತ್ಕಳಿ ಮೇಷ್ಟ್ರೇ."

ಅವ್ವ ಬೆಂಚಿನ ಮೇಲೆ ಕೂತಳು. ನಾನು ಕೂರಲಿಲ್ಲ. ಅವರು ಚಾಪೆಯ ಮೇಲಿಂದ ಏಳದೆಯೇ ಪೆಟ್ಟಿಗೆಗೆ ಕಿವಿಯಿಟ್ಟರು. ಹೊಸ ವಾಲ್ವನ್ನು ಕಿತ್ತು, ಅದರ ಕಾಲುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಹೆಬ್ಬೆರಳಿನಿಂದ ಅದುಮಿ ಕೂರಿಸಿದರು.

"ಇದೂ ನಿಮ್ಮಂಗೇ ಕಣ್ರೀ, ಸರ್ಯಾಗಿ ಕೂತೇ ಇರ್ನಿಲ್ಲ."

ವಾಲ್ವು ಕಾದು ಮೆಲ್ಲಗೆ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಅಂಗಡಿಯ ತುಂಬ ಅವ್ವನ ದನಿ.

"ನಂದೇ ಕಣ್ಲಾ ಮಗಾ!" ಅಂದಳು ಅವ್ವ. ಹೋದ ಜೀವ ಬಂದಂತಾಗಿ ನಾನು ಅವಳ ಪಕ್ಕ ಧೊಪ್ಪನೆ ಕೂತೆ.

ಅವರು ಮಾತ್ರ ಚಾಪೆಯಿಂದ ಎದ್ದು ನಿಂತರು. ಪದ ಮುಗಿಯುವವರೆಗೂ ಕೂರಲಿಲ್ಲ.